ಜೇಬಿನೊಳಗಿನ ಪಂಚಾಯ್ತಿ

ಮೊಬೈಲಿಗೆ ಬರುವ ಸಂದೇಶಗಳನ್ನು ನಾನು ಓದುವುದಿಲ್ಲ, ಒರೆಸುತ್ತೇನೆ. ಬೆಳಗಿನ ಕಾಫಿಯ ಜೊತೆ ಅದೊಂದು ಕೆಲಸ. ಗುಲಾಬಿ ಹೂವಿನ ಶುಭೋದಯಗಳು, ಹುಣಸೂರಿನ ಬಟ್ಟೆ ಅಂಗಡಿಯ ರಿಯಾಯಿತಿಗಳು, ಹಳೆಯ ಶಿಷ್ಯರ ಮಕ್ಕಳ ನಾಮಕರಣ, ಎಲ್ಲಕ್ಕೂ ಒಂದೇ ಗತಿ. ಮೂವತ್ತು ವರ್ಷ ಕರಿಹಲಗೆ ಒರೆಸಿದ ಕೈ, ಸುಮ್ಮನಿರು ಅಂದರೆ ಇರುತ್ತದೆಯೇ ಎಂದು ನನ್ನ ಹೆಂಡತಿ ಕೇಳುತ್ತಾಳೆ.

ಮೊನ್ನೆ ಹಾಗೆ, ತಿಂಗಳಿಂದ ಉಳಿದುಕೊಂಡಿದ್ದ ರಾಶಿಯ ತಳ ಒರೆಸುತ್ತಿದ್ದಾಗ ಹೂವುಗಳ ನಡುವೆ ನಮ್ಮ ಗ್ರಾಮ ಪಂಚಾಯ್ತಿಯ ಪತ್ರವೊಂದು ಕಣ್ಣಿಗೆ ಬಿತ್ತು. ಎದುರು ಮನೆಯ ಸಾಕಮ್ಮನಿಗೆ ಬಂದ ನೋಟಿಸು. ತೀರಿಕೊಂಡ ಅವಳ ಗಂಡನ ಹೆಸರಿನಲ್ಲಿರುವ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅವಳ ಮೈದುನ ಅರ್ಜಿ ಹಾಕಿದ್ದಾನೆ. ತಕರಾರಿದ್ದರೆ ಮೂವತ್ತು ದಿನದೊಳಗೆ ತಿಳಿಸಬೇಕು. ಪತ್ರ ಬಂದು ಇಪ್ಪತ್ತೊಂಬತ್ತು ದಿನವಾಗಿತ್ತು. ಇನ್ನೊಂದು ಸಲ ಬೆರಳು ಆಡಿಸಿದ್ದರೆ ಅದೂ ಹೂವಿನ ಜೊತೆ ಹೋಗುತ್ತಿತ್ತು.

ಸಾಕಮ್ಮನ ನೋಟಿಸು ನನಗೇಕೆ ಬಂತು? ನನ್ನ ಜಂಭವೇ ಕಾರಣ. ಮೂರು ವರ್ಷದ ಹಿಂದೆ ಪಂಚಾಯ್ತಿಯವರು ಮನೆಮನೆಗೆ ಬಂದು, ಇನ್ನು ಮೇಲೆ ಬಿಲ್ಲು, ನೋಟಿಸು ಎಲ್ಲ ಫೋನಿಗೇ ಬರುತ್ತದೆಂದು ಹೇಳಿ ನಂಬರು ಕೇಳಿದರು. ನಮ್ಮ ಬೀದಿಯ ಹೆಂಗಸರು ಕೊರಳ ಸರ ಬಿಚ್ಚಿಕೊಡು ಅಂದ ಹಾಗೆ ಹಿಂಜರಿದರು. "ಮೇಷ್ಟ್ರದ್ದೇ ಬರ್ಕೊಳಿ ಸಾರ್. ಓದ್ದೋರು, ನೋಡಿ ಏಳ್ತಾರೆ" ಎಂದಳು ಸಾಕಮ್ಮ. ಹನ್ನೊಂದು ಮನೆಗೆ ಒಂದೇ ನಂಬರು. ಹಿಂದೆ ಅವರಿಗೆ ಕಾಗದ ಬರುತ್ತಿದ್ದದ್ದೂ 'ಮೇಷ್ಟ್ರ ಮನೆ ಎದುರು' ಎಂಬ ವಿಳಾಸಕ್ಕೇ. ನಾನು ಎದೆಯುಬ್ಬಿಸಿಕೊಂಡು ಹತ್ತೂ ಅಂಕಿಗಳನ್ನು ಬಿಡಿಸಿ ಬಿಡಿಸಿ ಹೇಳಿದ್ದೆ.

ಹಳೆಯ ರಾಜರಿಗೆ ನಮಗಿಂತ ಬುದ್ಧಿಯಿತ್ತು. ಭೂಮಿ ಕೊಟ್ಟರೆ ಕಲ್ಲಿನಲ್ಲಿ ಕೊರೆಸಿ ಊರ ಮುಂದೆ ನಿಲ್ಲಿಸುತ್ತಿದ್ದರು. ಅದನ್ನು ಕದ್ದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿರುತ್ತಾನೆ ಎಂದು ಕೆಳಗೊಂದು ಶಾಪ. ಓದದೆ ಒರೆಸಿದವನಿಗೆ ಎಷ್ಟು ವರ್ಷ ಎಂದು ನಾನು ಕಂಡ ಯಾವ ಕಲ್ಲಿನಲ್ಲೂ ಇಲ್ಲ. ಅಷ್ಟು ಹಿಂದಕ್ಕೇಕೆ, ಊರಿಗೆ ನೀರು ಬಿಡುವ ನೀರುಗಂಟಿ ಪುಟ್ಟಯ್ಯನೇ ಸಾಕಿತ್ತು. ನೋಟಿಸನ್ನು ಅನ್ನದ ಅಗುಳಿನಿಂದ ಬಾಗಿಲಿಗೆ ಅಂಟಿಸಿ, ಅದರಲ್ಲಿರುವುದನ್ನು ಇಡೀ ಬೀದಿಗೆ ಕೇಳುವಂತೆ ಹೇಳಿ ಹೋಗುತ್ತಿದ್ದ. ಗುಟ್ಟು ಉಳಿಯುತ್ತಿರಲಿಲ್ಲ, ಮನೆ ಉಳಿಯುತ್ತಿತ್ತು. ಈಗಿನ ನೋಟಿಸಿಗೆ ಇರುವುದು ಒಂದು ಟಿಣ್ ಸದ್ದು, ಅದನ್ನೂ ನಾನು ನಿದ್ದೆಗೆ ತೊಂದರೆಯೆಂದು ಅಡಗಿಸಿಟ್ಟಿದ್ದೆ.

ಎದುರು ಮನೆಗೆ ಹತ್ತೇ ಹೆಜ್ಜೆ. ಸಾಕಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ವಿಷಯ ಹೇಳಿದೆ. ಮೊರ ನಿಂತಿತು.

"ಇಷ್ಟ್ ದಿನ ನಮ್ ಮನೆ ನಿಮ್ ಜೇಬಲ್ಲೇ ಇತ್ತಾ ಮೇಷ್ಟ್ರೇ?" ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆ ಜೇಬಿನಲ್ಲಿ ಅವಳ ಮನೆ ಇಟ್ಟುಕೊಂಡೇ ನಾನು ಪಿರಿಯಾಪಟ್ಟಣದ ಮದುವೆಯಲ್ಲಿ ಉಂಡಿದ್ದೆ, ಬೈಲಕುಪ್ಪೆಗೆ ಹೋಗಿ ಸ್ವೆಟರ್ ಆರಿಸಿದ್ದೆ, ಕ್ಷೌರ ಮಾಡಿಸಿಕೊಂಡಿದ್ದೆ.

ಆಗಲೇ ಆಟೋ ಹತ್ತಿದೆವು. ಪಂಚಾಯ್ತಿ ಕಚೇರಿಯ ಬೆಂಚಿನ ಮೇಲೆ ನಾನು ತಕರಾರು ಬರೆದೆ, ಅವಳು ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಗುಮಾಸ್ತರು ಮೊಹರು ಒತ್ತಿ, "ಇನ್ನು ವಿಚಾರಣೆ ಆಗದೆ ಖಾತೆ ಬದಲಾಗಲ್ಲಮ್ಮ" ಎಂದರು. ನಾನು ತಗ್ಗಿದ ದನಿಯಲ್ಲಿ, ನನ್ನ ನಂಬರು ತೆಗೆದು ಅವಳದೇ ಹಾಕಿಬಿಡಿ ಎಂದೆ.

"ಬ್ಯಾಡ ಬುಡಿ ಸಾರ್, ಇವರದ್ದೇ ಇರ್ಲಿ" ಎಂದಳು ಸಾಕಮ್ಮ. "ಇವರೀಗ ಚೆನ್ನಾಗಿ ಎದರವ್ರೆ. ಇನ್ ಮರೆಯಾಕಿಲ್ಲ."

ನಿಜ, ಮರೆತಿಲ್ಲ. ಉಳಿದ ಹತ್ತು ಮನೆಯವರ ಏನೇನು ಒರೆಸಿದ್ದೇನೋ ಎಂಬ ಗಾಬರಿ ಇನ್ನೂ ಇದೆ. ಸಂಜೆಯಾದರೆ ಫೋನು ಹಿಡಿದು ಬೀದಿ ಸುತ್ತಿ, ಯಾರ ಮನೆಗೆ ಏನು ಬಂದಿದೆ ಎಂದು ಪುಟ್ಟಯ್ಯನಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಕೊನೆಗೆ ಸಾಕಮ್ಮನ ಸರದಿ. ಅವಳು ತನ್ನ ಜಗಲಿಯ ಮೇಲೆ, ತನ್ನ ಬಾಗಿಲಿಗೆ ಒರಗಿ ಕೂತುಕೊಂಡೇ ಕೇಳುತ್ತಾಳೆ: "ಮೇಷ್ಟ್ರೇ, ನಮ್ ಮನೆ ಐತಾ?"

ನಾನು ಕಣ್ಣೆದುರಿನ ಮನೆಯನ್ನು ನೋಡುವುದಿಲ್ಲ. ಕನ್ನಡಕ ಹಾಕಿಕೊಂಡು, ಫೋನನ್ನು ಕೊನೆಯವರೆಗೂ ಓದಿ, ಆಮೇಲೆ ಹೇಳುತ್ತೇನೆ: "ಐತೆ ಕಣಮ್ಮ."