ಮೊದಲ ಮಳೆಗೆ ಹಚ್ಚಿದ ಚಿಕ್ಕು

ಚಿಕ್ಕು ಸಸಿ ಸತ್ತದ್ದು ಯಾರಿಂದ ಅಂತ ನನಗೆ ಅವತ್ತೇ ಗೊತ್ತಿತ್ತು. ಹೇಳಲಿಲ್ಲ. ತಂಗಿ ಶಾರದಾಳ ಮೇಲೆ ಮಾತು ಬಂದಾಗ ಬರಲಿ ಅಂತ ಬಿಟ್ಟೆ. ನಲವತ್ತು ವರ್ಷ ಹಾಗೇ ಇದ್ದೆ.

ಆಗ ತಾರ್ನಾಕದಲ್ಲಿ ಅಂಗಳವಿರುವ ಮನೆಗಳು ಇನ್ನೂ ಇದ್ದವು. ಅಂಥದೊಂದು ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ಅಪ್ಪ ಕಲಬುರಗಿ ಕಡೆಯವ, ಸರಕಾರಿ ಕಚೇರಿಯಲ್ಲಿ ಜವಾನ. ಜೊತೆಗೆ ಅವ್ವ, ಆಯಿ ಅಂದರೆ ಅಪ್ಪನ ತಾಯಿ, ನಾನು, ತಂಗಿ ಶಾರಿ. ಗೇಟಿನಾಚೆ ತೆಲುಗು, ಒಳಗೆ ಕನ್ನಡ. ಅವ್ವನಿಗೆ ದಮ್ಮು ಜಾಸ್ತಿಯಾದಾಗ ಏಳನೇ ತರಗತಿಗೆ ನನ್ನ ಶಾಲೆ ಬಿಡಿಸಿದರು. ನನಗೆ ಆಗ ಹದಿಮೂರು. ಹನ್ನೊಂದರ ಶಾರಿ ಶಾಲೆಗೆ ಹೋಗುತ್ತಿದ್ದಳು. ಅವಳು ಪುಸ್ತಕಕ್ಕೆ ರಟ್ಟು ಹಾಕುವಾಗ ಬರುವ ಅಂಟಿನ ವಾಸನೆಗೇ ನನಗೆ ಸಿಟ್ಟು ಬರುತ್ತಿತ್ತು.

ನಮ್ಮಿಬ್ಬರಿಗೂ ಚಿಕ್ಕು ಅಂದರೆ ಪ್ರಾಣ. ಆಯಿ ಕಾಯಿಗಳನ್ನು ಅಕ್ಕಿ ಡಬ್ಬಿಯಲ್ಲಿ ಹೂಳಿಡುತ್ತಿದ್ದಳು. ಮೂರನೇ ದಿನಕ್ಕೆ ಮುಚ್ಚಳ ತೆಗೆದರೆ ಬೆಲ್ಲದ ಪಾಕದ ಹಾಗೆ ಘಮ. ತಡೆಯದೆ ಮೊದಲೇ ಕಚ್ಚಿದರೆ ತುಟಿಗೆ ಅಂಟು ಹಿಡಿದು ಸಿಕ್ಕಿಬೀಳುತ್ತಿದ್ದೆವು. ನುಣುಪಾದ ಕಪ್ಪು ಬೀಜಗಳು ಚೌಕಾಬಾರಕ್ಕೆ ಕಾಯಿಗಳಾಗುತ್ತಿದ್ದವು.

ಪಕ್ಕದ ಓಣಿಯ ಎಲ್ಲಯ್ಯ ತಾತ ಯುನಿವರ್ಸಿಟಿಯಲ್ಲಿ ತೋಟದ ಮಾಲಿ. ಊರಲ್ಲಿದ್ದ ಅವನ ಮಗಳಿಗೆ ಶಾರಿ ತೆಲುಗಿನಲ್ಲಿ ಕಾಗದ ಬರೆದುಕೊಡುತ್ತಿದ್ದಳು ಅಂತ ಆ ಬೇಸಿಗೆ ಅವಳಿಗೊಂದು ಚಿಕ್ಕು ಕಸಿ ಸಸಿ ತಂದುಕೊಟ್ಟ. ಅಂಗಳದಲ್ಲಿ ಗುಂಡಿ ತೋಡಿಸಿ, ಬಿಸಿಲಿಗೆ ಬಿಟ್ಟು, ಆಮೇಲೆ ಗೊಬ್ಬರ ಮಣ್ಣು ತುಂಬಿಸಿದ. ಸಸಿ ಮಾತ್ರ ಕರಿ ಚೀಲದಲ್ಲೇ, ನೀರಿನ ತೊಟ್ಟಿಯ ನೆರಳಲ್ಲಿ.

“ಮೊದಟಿ ವಾನಕಿ ಪೆಟ್ಟೊದ್ದು ಬಿಡ್ಡಾ” ಅಂದ. ಮೊದಲ ಮಳೆಗೆ ಹಚ್ಚಬೇಡ, ನೆಡಬೇಡ ಅಂತ. ಬೇಸಿಗೆಯೆಲ್ಲ ಕಾದ ನೆಲ ಒಂದು ಮಳೆಗೆ ತಣ್ಣಗಾಗುವುದಿಲ್ಲ, ಒಳಗಿನ ಕಾವನ್ನು ಮೇಲೆ ಬಿಡುತ್ತದೆ, ಎಳೆ ಬೇರು ಬೇಯುತ್ತದೆ. ಎರಡು ಮೂರು ಮಳೆಯಾಗಿ, ಮೊಣಕೈತನಕ ಕೈ ಇಳಿಸಿದರೂ ತಂಪು ಹತ್ತಬೇಕು. ಆಮೇಲೆ ಹಚ್ಚಬೇಕು, ಅದೂ ಸಂಜೆ ಹೊತ್ತು.

ಶಾರಿ ದಿನಾ ಸಂಜೆ ಗುಂಡಿಯ ಮುಂದೆ ಕೂತು ಕೈ ಇಳಿಸುತ್ತಿದ್ದಳು.

“ಏನ್ರೀ ಡಾಕ್ಟರಬಾಯಿ, ಜ್ವರ ಇಳೀತೇನ್ರಿ?” ಅಂತ ನಾನು ಕಾಡಿಸುತ್ತಿದ್ದೆ.

“ಇನ್ನೂ ಐತಿ. ನೀ ಮುಟ್ಟಬ್ಯಾಡ ಮತ್ತ.”

“ಅಯ್ಯ, ನಿನ್ನ ಗಿಡಾ ಮುಟ್ಟಾಕ ನನಗೇನ ಬ್ಯಾರೆ ಕೆಲಸ ಇಲ್ಲೇನು!”

ಜೂನ್‌ನಲ್ಲಿ ಶಾಲೆ ಶುರುವಾದ ವಾರವೇ ಮೊದಲ ಮಳೆ ಬಂತು, ಮಧ್ಯಾಹ್ನ, ಅರ್ಧ ತಾಸು. ಶಾರಿ ಶಾಲೆಯಲ್ಲಿದ್ದಳು. ಅಪ್ಪ ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಆಯಿ ಮಲಗಿದ್ದಳು. ಶಾಲೆ, ಕಾಗದ, ಸಸಿ ಎಲ್ಲ ಶಾರಿಗೇ, ಈ ಗಿಡವನ್ನಾದರೂ ಹಚ್ಚಿದವಳು ನಾನಾಗಬೇಕು ಅನ್ನಿಸಿತು. ಚೀಲದಿಂದ ಸಸಿಯನ್ನು ಜಾರಿಸಿ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದೆ.

ಮಳೆ ನಿಂತು ಬಿಸಿಲು ಬಿತ್ತು. ನೆಲದಿಂದ ಬಂದ ಝಳ ಬಗ್ಗಿದ ನನ್ನ ಮುಖಕ್ಕೇ ಹೊಡೆಯಿತು. ಸ್ವಲ್ಪ ಹೊತ್ತಿಗೆ ಎಲೆಗಳು ಜೋತುಬಿದ್ದವು. ಹೆದರಿ ಸಸಿಯನ್ನು ಕಿತ್ತೆ. ಬುಡದ ಹೆಂಟೆ ಕೈಯಲ್ಲೇ ಒಡೆಯಿತು, ಸಣ್ಣ ಬೇರುಗಳು ಪಟಪಟ ಹರಿದವು. ಮಣ್ಣಿನ ಸಮೇತ ಚೀಲಕ್ಕೆ ತುರುಕಿ, ನೀರು ಹಾಕಿ, ತೊಟ್ಟಿಯ ನೆರಳಿಗೆ ಇಟ್ಟೆ. ಗುಂಡಿ ಸರಿಮಾಡಿದೆ. ರಾತ್ರಿಗೆ ಎಲೆಗಳು ಸ್ವಲ್ಪ ಎದ್ದವು. ಬದುಕಿತು ಅಂದುಕೊಂಡೆ.

ಎರಡು ವಾರದ ಮೇಲೆ, ಮೂರನೇ ಮಳೆ ಆದ ಮರುದಿನ ಸಂಜೆ, ಶಾರಿ ಮೊಣಕೈತನಕ ಕೆಸರು ಮಾಡಿಕೊಂಡು “ತಂಪ ಐತಿ! ಒಳಗೂ ತಂಪ ಐತಿ!” ಅಂತ ಕೂಗಿದಳು. ಆಯಿ ಅರಿಶಿನ ಕುಂಕುಮ ತಂದಳು. ಎಲ್ಲಯ್ಯ ತಾತ ಚೀಲ ಸೀಳಿದಾಗ ಮಣ್ಣು ಪುಡಿಪುಡಿಯಾಗಿ ಉದುರಿತು. ಯಾರಾದರೂ ಸಸಿ ಕಿತ್ತಿದ್ದಿರಾ ಅಂತ ಕೇಳಿ ಅವನು ಎಲ್ಲರ ಮುಖ ನೋಡಿದ.

“ನಾ ನೀರು ಹಾಕೂದ ಬಿಟ್ಟ ಏನೂ ಮಾಡಿಲ್ಲ ತಾತಾ” ಅಂದಳು ಶಾರಿ.

ನಾನು ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಶಾರಿ ತನ್ನ ಕೈಯಾರೆ ಸಸಿಯನ್ನು ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದಳು.

ಹತ್ತು ದಿನದಲ್ಲಿ ಎಲೆ ಉದುರಿ ಕಡ್ಡಿ ಉಳಿಯಿತು.

“ಹೊತ್ತು ನೋಡೇ ಹಚ್ಚೇವಿ. ಈ ಹುಡುಗಿ ಕೈಗುಣಾನ ಛಲೋ ಇಲ್ಲ ಬಿಡು” ಅಂದಳು ಆಯಿ. ಸಿಟ್ಟಿಲ್ಲದೆ, ಮಳೆ ಬರಬಹುದು ಅಂದ ಹಾಗೆ ಅಂದಳು. ಆದರೆ ಆ ಮಾತು ಮನೆಯಲ್ಲಿ ಉಳಿದುಬಿಟ್ಟಿತು. ಮುಂದೆ ಹೀರೇಬಳ್ಳಿ ಬೀಜ ಊರುವುದು, ಹಾಲಿಗೆ ಹೆಪ್ಪು ಹಾಕುವುದು, ಉಪ್ಪಿನಕಾಯಿ ಕಲಸುವುದು ನನ್ನ ಪಾಲಿಗೆ ಬಂತು. ಬಳ್ಳಿ ಚೆನ್ನಾಗಿ ಹಬ್ಬಿತು. ದೊಡ್ಡ ಹುಡುಗಿ ಕೈ ಭಾಳ ಛಲೋ ಅಂತ ಹೆಸರಾಯಿತು. ಆ ಹೆಸರನ್ನೂ ಇಟ್ಟುಕೊಂಡೆ.

ಒಂದು ದಿನ ಪಾತ್ರೆ ತಿಕ್ಕುವಾಗ ಶಾರಿ ಕೇಳಿದಳು: “ಅಕ್ಕಾ, ಕೈಗುಣ ದೊಡ್ಡವರಾದ ಮ್ಯಾಲೆ ಬದಲಾಗತೈತೇನ?”

“ಯಾರಿಗ್ಗೊತ್ತವಾ” ಅಂದೆ.

ಆ ಅಂಗಳ ಈಗ ಅಪಾರ್ಟ್‌ಮೆಂಟಿನ ಕಾರು ನಿಲ್ಲಿಸುವ ಜಾಗ. ಆಯಿ, ಅವ್ವ, ಅಪ್ಪ, ಎಲ್ಲಯ್ಯ ತಾತ ಯಾರೂ ಇಲ್ಲ. ಅವರ ಮುಂದೆ ಹೇಳುವ ಅವಕಾಶ ಹೋಯಿತು. ಅದಕ್ಕಿಂತ ಹೆಚ್ಚಿನದನ್ನು ಶಾರಿ ಕಳೆದುಕೊಂಡಳು. ಗಚ್ಚಿಬೌಲಿಯಲ್ಲಿ ಅವಳ ಮಗನ ಮನೆಯ ಬಾಲ್ಕನಿ ತುಂಬ ಕುಂಡಗಳಿವೆ, ಒಂದನ್ನೂ ಅವಳು ಮುಟ್ಟುವುದಿಲ್ಲ. ನಲವತ್ತು ವರ್ಷದಲ್ಲಿ ಒಂದು ಮೆಂತ್ಯೆ ಕಾಳನ್ನೂ ಮಣ್ಣಿಗೆ ಹಾಕಿಲ್ಲ.

ಈ ಮೇ ತಿಂಗಳಲ್ಲಿ ಶಾರಿ ನಮ್ಮ ಮನೆಗೆ ಬಂದಾಗ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದೆವು. ನನ್ನ ಸೊಸೆ ಹೋಳು ತುಂಬಿದ ಪರಾತವನ್ನು ಅವಳ ಕಡೆ ಸರಿಸಿ, “ಚಿಕ್ಕವ್ವಾ, ನೀವ ಕಲಸ್ರಿ” ಅಂದಳು.

“ನಾ ಕೈ ಹಾಕಿದ್ರ ಬೂಸ್ಟು ಬರತೈತವಾ, ನಿಮ್ಮ ಅತ್ತಿನ್ನ ಕೇಳು” ಅಂತ ಶಾರಿ ನಕ್ಕು ಕೈ ಸೆರಗಿನೊಳಗೆ ತೆಗೆದುಕೊಂಡಳು.

ಅಲ್ಲೇ, ಸೊಸೆಯ ಎದುರೇ ಹೇಳಿದೆ. ಮೊದಲ ಮಳೆಗೆ ಹಚ್ಚಿದ್ದು, ಬಾಡಿದ್ದು, ಕಿತ್ತಿದ್ದು, ಬೇರು ಹರಿದದ್ದು, ಎಲ್ಲ.

ಶಾರಿ ಸೆರಗಿನಿಂದ ಕೈ ಹೊರಗೆ ತೆಗೆದು ನೋಡಿಕೊಂಡಳು.

“ತಾತ ಕೇಳಿದಾಗ ನೀ ಅಲ್ಲೇ ಇದ್ದೆಲ್ಲ, ಅಕ್ಕಾ?”

“ಇದ್ದೆ.”

“ನಾನೂ ನಿನ್ನ ಕೇಳಿದ್ನಲ್ಲ.”

“ಕೇಳಿದ್ದಿ. ನೀ ಸಾಲಿಗೆ ಹೋಗೂದು ನೋಡಿ ನನಗ ಹೊಟ್ಟಿಕಿಚ್ಚು ಇತ್ತು. ಆಮೇಲೆ ಹೆದರಿಕಿ. ನಿನ್ನ ಕೈ ಏನೂ ಮಾಡಿದ್ದಿಲ್ಲ, ಶಾರಿ. ನಂದು ತಪ್ಪಾತವಾ.”