ಅತ್ತಿಯ ಸೀರೆಯ ಮೂರು ಕಲೆ

ಮಂದಿಯ ಸೀರೆ ಉಡುವ ಗೋಳು ಉಟ್ಟವರಿಗೇ ಗೊತ್ತು. ನಿಜಾಮರ ಕಾಲ, ನಮ್ಮ ಬಸವಕಲ್ಯಾಣವನ್ನು ಆಗ ಬರೀ ಕಲ್ಯಾಣ ಎನ್ನುತ್ತಿದ್ದರು. ಚಿಟಗುಪ್ಪದ ಒಂದು ಮದುವೆಗೆ ಹೋಗಲು ನನಗೆ ಒಳ್ಳೆಯ ಸೀರೆ ಇರಲಿಲ್ಲ. ಹುಮನಾಬಾದಿನಲ್ಲಿದ್ದ ಸೋದರಮಾವನ ಹೆಂಡತಿ, ನಮ್ಮತ್ತಿ, ಟ್ರಂಕಿನಿಂದ ತನ್ನ ಮದುವೆಯ ತಿಳಿಗುಲಾಬಿ ರೇಷ್ಮೆ ಸೀರೆ ತೆಗೆದುಕೊಟ್ಟಳು.

ಮದುವೆ ಮುಗಿಸಿ ಬಂದು ಬಿಚ್ಚಿ ನೋಡಿದರೆ ಸೆರಗಿನ ಹತ್ತಿರ ಅರಿಶಿಣದ ಮೂರು ಕಲೆ. ಎಲ್ಲಿ ಒರೆಸಿಕೊಂಡೆ ಎಂದು ಅವ್ವ ಬೈದಳು. ಮದುವೆಮನೆಯಲ್ಲಿ ಯಾರ ಕೈ ತಾಗಿತೋ ನನಗೇನು ಗೊತ್ತು? ಹೈದರಾಬಾದಿನಲ್ಲಿ ರೇಷ್ಮೆಯನ್ನು ನೀರು ಮುಟ್ಟಿಸದೆ ಪೆಟ್ರೋಲಿನಲ್ಲಿ ಒಗೆಯುತ್ತಾರಂತೆ, ಹೋಗುವವರ ಕೈಯಲ್ಲಿ ಕಳಿಸೋಣ ಎಂದ ಅಪ್ಪ. ಅವ್ವ ಒಪ್ಪಲಿಲ್ಲ.

“ಮಂದಿ ಸೀರಿ ಕಂಡಕಂಡವರ ಕೈಗೆ ಹ್ಯಾಂಗ ಕೊಡೂದ್ರಿ? ಒಗೀದೆ ಕೊಟ್ರ ಮಾರಿ ಹ್ಯಾಂಗ ತೋರಸೂದು?”

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಅಂಟುವಾಳಕಾಯಿ ನೆನೆಹಾಕಿ, ಕಿವುಚಿ, ಸೋಸಿ, ಆ ನೊರೆಯಲ್ಲಿ ಸೀರೆಯನ್ನು ಅದ್ದಿ ಅದ್ದಿ ತೆಗೆಯಬೇಕು. ತಿಕ್ಕುವ ಹಾಗಿಲ್ಲ, ಹಿಂಡುವ ಹಾಗಿಲ್ಲ. ಎರಡು ಸಲ ಅದ್ದಿದರೂ ಕಲೆ ಜಪ್ಪಯ್ಯ ಅನ್ನಲಿಲ್ಲ. ತಲೆಕೆಟ್ಟು, ಅವ್ವ ಒಳಗೆ ಹೋದಾಗ ಬಟ್ಟೆ ಸಾಬೂನು ತಿಕ್ಕಿಬಿಟ್ಟೆ. ಹಳದಿ ಕಲೆ ಕಣ್ಣೆದುರೇ ಕೆಂಪಾಯಿತು. ಅರಿಶಿಣಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದು ಕೂಸಿಗೂ ಗೊತ್ತು. ಸಾಬೂನೂ ಹಾಗೇ ಮಾಡುತ್ತದೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಅವ್ವ ಬೆನ್ನಿಗೊಂದು ಗುದ್ದಿ, ನಿಂಬೆಹಣ್ಣು ಹಿಂಡಿ ಮತ್ತೆ ಹಳದಿಗೆ ತಂದಳು. ಹೊರಟಲ್ಲಿಗೇ ಬಂದು ನಿಂತೆವು.

ಅರಿಶಿಣಕ್ಕೆ ಬಿಸಿಲೇ ಮದ್ದು. ಆದರೆ ರೇಷ್ಮೆಗೆ ಬಿಸಿಲು ಆಗದು. ಕಲೆಗಳಿಗಷ್ಟೇ ಬಿಸಿಲು ತಾಗುವಂತೆ ಉಳಿದ ಸೀರೆಯನ್ನೆಲ್ಲ ಅಪ್ಪನ ಧೋತರದಿಂದ ಮುಚ್ಚಿ, ಮಾಳಿಗೆಯ ಮೇಲೆ ಕಾಯಲು ನನ್ನನ್ನು ಕೂರಿಸಿದಳು. ನಾಲ್ಕು ದಿನ. ಗಾಳಿಗೆ ಧೋತರ ಹಾರುವುದು, ನಾನು ಎದ್ದು ಹೊದಿಸುವುದು. ಕೆಳಗೆ ಓಣಿಯಲ್ಲಿ ಗೆಳತಿಯರ ನಗು. ಸೀರೆಯ ಮೇಲೆ, ಅತ್ತಿಯ ಮೇಲೆ, ಮದುವೆಯಾದವರ ಮೇಲೂ ನನಗೆ ಸಿಟ್ಟು. ಐದನೆಯ ದಿನ ಕಲೆಯ ಸುಳಿವೇ ಇರಲಿಲ್ಲ. ಅವ್ವ ಹಿಗ್ಗಿಹೋದಳು. ಕೆಂಡ ತುಂಬಿದ ತಂಬಿಗೆಯಿಂದ ಇಸ್ತ್ರಿ ಮಾಡಿ, ನನ್ನನ್ನೂ ಕರೆದುಕೊಂಡು ಹುಮನಾಬಾದಿಗೆ ಹೊರಟಳು.

ಅತ್ತಿ ಸೀರೆ ಬಿಚ್ಚಿ ಸೆರಗಿನ ಹತ್ತಿರ ಏನೋ ಹುಡುಕಿದಳು. ತಿರುಗಿಸಿ ಮತ್ತೆ ಹುಡುಕಿದಳು.

“ಇಲ್ಲಿ ಮೂರು ಬೆರಳಿನ ಗುರ್ತು ಇತ್ತಲ್ರಿ ಅಕ್ಕಾ. ನನ್ನ ಮದುವ್ಯಾಗ ನಮ್ಮವ್ವ ಅರಿಶಿಣದ ಕೈಲೇ ಹಿಡಕೊಂಡು ಅತ್ತಿದ್ದಳು. ಅದೇ ವರ್ಷ ಹೋದಳ್ರಿ. ಅದಕ್ಕ ನಾ ಇದಕ್ಕ ನೀರು ಮುಟ್ಟಿಸಿರಲಿಲ್ಲ.”

ಕೊಡುವಾಗಲೇ ಒಂದು ಮಾತು ಹೇಳಬಾರದಿತ್ತೇ ಎಂದು ನನ್ನ ಬಾಯಿಗೆ ಬಂದಿತ್ತು, ಕೇಳಲು ಮುಖವಿರಲಿಲ್ಲ. ಅತ್ತಿ ಬೈದಿದ್ದರೆ ನನಗೂ ಎದುರು ಸಿಟ್ಟಾಗಲು ಬರುತ್ತಿತ್ತು. ಅವಳು ಬೈಯಲಿಲ್ಲ. ಭಾಳ ಛಲೋ ಒಗದೀರಿ ಎಂದು, ಆ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಲೇ ಸೀರೆ ಮಡಚಿದಳು.