ಮುಂಡಪ್ಪನವರು ಬೆಲೆ ಕಟ್ಟಿದ ಡಬಲ್ ಬಾಸ್

ಡೊಂಬಿವಲಿಯ ಆ ಮನೆಯಲ್ಲಿ ಡಬಲ್ ಬಾಸ್ ಗೋಡೆಗೆ ಒರಗಿ ನಿಂತಿತ್ತು. ಪಿಟೀಲಿನ ಮುತ್ತಜ್ಜನಂತೆ, ಆಳಿಗಿಂತ ಎತ್ತರ. ಕಿಟಕಿಯ ಬಿಸಿಲು ಅದರ ಹೊಟ್ಟೆಯ ಮೇಲೆ ಜೇನಿನಂತೆ ಜಾರುತ್ತಿತ್ತು.

“ಎಂಥ ಪಾಲಿಶ್! ಕನ್ನಡಿ ಮಾರಾಯ್ತಿ, ಕನ್ನಡಿ!” ಎಂದರು ಮುಂಡಪ್ಪನವರು.

ಮಾರುವವನ ಎದುರು ಹೊಗಳಬೇಡ ಎಂಬಂತೆ ಮೊಮ್ಮಗಳು ಅನುಷ್ಕಾ ಅಜ್ಜನ ತೋಳು ಚಿವುಟಿದಳು. ಬೇಲಾಪುರದ ವಾದ್ಯವೃಂದದಲ್ಲಿ ಅವಳಿಗೊಂದು ಜಾಗ ಸಿಕ್ಕಿತ್ತು. ತಿಂಗಳೊಳಗೆ ಸ್ವಂತ ವಾದ್ಯ ತರದಿದ್ದರೆ ಅದು ಬೇರೆಯವರಿಗೆ. ಹೊಸದು ಕೈಗೆಟುಕದು. ಹಳೆಯದೊಂದು ಕಂಡಿತೆಂದು, ಮರ ಬಲ್ಲ ಅಜ್ಜನನ್ನು ಥಾಣೆಯಿಂದ ಕರೆತಂದಿದ್ದಳು.

“ಅಜ್ಜ, ನಮ್ಮ ಸರ್ ಹೇಳಿದ್ದಾರೆ, ಹಳೇ ಪಾಲಿಶ್ ಕೆರೆದು ಹೊಸದು ಹೊಡೆದ್ರೆ ವ್ಯಾಲ್ಯೂ ಆಧಾ ಹೋ ಜಾತಾ ಹೈ, ಅರ್ಧಕ್ಕರ್ಧ!”

ಮುಂಡಪ್ಪನವರ ಮುಖ ಬಾಡಿತು. ಹದಿನಾರನೆಯ ವಯಸ್ಸಿನಲ್ಲಿ ಕಾರ್ಕಳದಿಂದ ಬಂದು, ಎರಡು ವರ್ಷ ಹೋಟೆಲಿನಲ್ಲಿ ಮೇಜು ಒರೆಸಿ, ಮುಂದೆ ಮೂವತ್ತೈದು ವರ್ಷ ಥಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಪೀಠೋಪಕರಣ ಕಾರ್ಖಾನೆಯೊಂದರಲ್ಲಿ ಅವರು ಮಾಡಿದ್ದು ಅದೊಂದೇ ಕೆಲಸ: ಹಳೆಯ ಬಣ್ಣ ಹೆರೆದು ಅರಗಿನ ಪಾಲಿಶ್ ಕೊಡುವುದು. ಎಷ್ಟು ಆರಾಮಕುರ್ಚಿಗಳು, ಎಷ್ಟು ಮದುವೆಯ ಮಂಚಗಳು! ಅವುಗಳ ಬೆಲೆಯನ್ನೆಲ್ಲ ತಾವೇ ಹೆರೆದು ಚೆಲ್ಲಿದೆವೇ ಎಂಬ ಯೋಚನೆ, ಕನಸಿನಲ್ಲಿ ಮೆಟ್ಟಿಲು ತಪ್ಪಿದಂತೆ, ಅವರನ್ನು ಕ್ಷಣಕಾಲ ಮುಗ್ಗರಿಸಿತು.

ಮನೆಯೊಡೆಯ ಅಪ್ಪಾಸಾಹೇಬ ವಿಜಯಪುರದ ಕಡೆಯ ಬಟ್ಟೆ ವ್ಯಾಪಾರಿ. ವಾದ್ಯ ಅವನ ತೀರಿಹೋದ ಅಣ್ಣನದು. “ಏನ್ರಿ ಹಿರ್ಯಾರ, ರೊಕ್ಕ ಹಾಕಿ ಹೊಸಾದು ಮಾಡಿಸೇನಿ. ಅದಕ್ಕ ಕಿಮ್ಮತ್ತು ಕಡಿಮಿ ಅಂದ್ರ ಹ್ಯಾಂಗ?” ಎಂದ.

ಮುಂಡಪ್ಪನವರು ಮೊಬೈಲಿನ ಬೆಳಕನ್ನು ವಾದ್ಯದ ಕಿಂಡಿಯೊಳಗೆ ಬಿಟ್ಟರು. ಪಾಲಿಶ್‌ನವನ ಕೈ ಒಳಗೆ ಹೋಗುವುದಿಲ್ಲವೆಂದು ಅವರಿಗೆ ಗೊತ್ತು. ಒಳಗಿನದು ಬೇರೆಯೇ ಲೋಕ. ಧೂಳು ಹೊದ್ದು ಮಲಗಿದ, ಬಣ್ಣವಿಲ್ಲದ ಮರ. ಅಲ್ಲೊಂದು ಉದ್ದನೆಯ ಬಿರುಕು.

“ಇಲ್ಲಿ ಒಡೆದದ್ದುಂಟು. ಹೊರಗೆ ಬಣ್ಣ ಕಲಸಿ ಮುಚ್ಚಿದ್ದಾನೆ.”

“ನಿಮಗ ಹೆಂಗ ಗೊತ್ತು?”

“ನಾನೂ ಹಾಗೇ ಮುಚ್ಚಿದವನಲ್ಲವಾ!”

ಅನುಷ್ಕಾಳ ಕಣ್ಣು ತುಂಬಿತು. “ಹಾಗಾದ್ರೆ ಬೇಡ್ವಾ ಅಜ್ಜ?”

“ನಿಲ್ಲು ಮಗಾ.” ಬಿರುಕಿಗೆ ಅಡ್ಡವಾಗಿ ಯಾರೋ ಹಳಬ ಚಿಕ್ಕ ಚಿಕ್ಕ ಮರದ ಬಿಲ್ಲೆಗಳನ್ನು ಅಂಟಿಸಿದ್ದ, ಒಂದೂ ಎದ್ದಿರಲಿಲ್ಲ. ಅವರು ಕಿಂಡಿಯ ಅಂಚನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ ಸವರಿದರು. ಯಂತ್ರದಿಂದ ಉಜ್ಜಿದ್ದರೆ ಹಲಗೆ ತೆಳ್ಳಗಾಗಿ ಅಂಚು ಉರುಟಾಗುತ್ತಿತ್ತು. ಇಲ್ಲಿ ಅಂಚು ಚೂಪಾಗಿತ್ತು, ದಪ್ಪವಿತ್ತು. ಗಾಜಿನ ಚೂರಿನಿಂದ ಬಣ್ಣವನ್ನಷ್ಟೇ ಹೆರೆದ, ಅವಸರವಿಲ್ಲದ ಕೈ.

“ನುಡಿಸು.”

ಅವಳು ದಪ್ಪ ತಂತಿಯ ಮೇಲೆ ಕಮಾನು ಎಳೆದಳು. ಸ್ವರ ಕಿವಿಗಿಂತ ಮೊದಲು ನೆಲದಲ್ಲಿ ಹುಟ್ಟಿ ಮುಂಡಪ್ಪನವರ ಅಂಗಾಲಿಗೆ ಬಂತು. ಮೊಣಕಾಲು ದಾಟಿ, ಎದೆಯೊಳಗೆ ಬೆಚ್ಚಗೆ ಕೂತಿತು. ಹೊರಗೆ ಹೋಗುತ್ತಿದ್ದ ಲೋಕಲ್ ಗಾಡಿಯ ಸದ್ದೂ ದೂರವಾದಂತಾಯಿತು.

“ಆರೋಗ್ಯ ಚೆನ್ನಾಗಿದೆ. ಆದರೆ ಮಾರುಕಟ್ಟೆಯಲ್ಲಿ ಇದು ಹಳೆಯದೂ ಅಲ್ಲ, ಹೊಸದೂ ಅಲ್ಲ. ನೀವು ಹೇಳಿದ ಬೆಲೆಯಲ್ಲಿ ಅರ್ಧ.”

“ಅರ್ಧಾನ? ನಮ್ಮಣ್ಣ ಮ್ಯಾಲಿಂದ ನೋಡಾಕತ್ತಾನ್ರಿ!”

“ನೋಡಲಿ. ಹುಡುಗಿ ನುಡಿಸುವುದನ್ನೂ ಕೇಳಲಿ.”

ಅಪ್ಪಾಸಾಹೇಬ ತಲೆ ಕೆರೆದುಕೊಂಡ, ನಕ್ಕ. “ತಗೊಂಡ್ ಹೋಗವಾ. ನಮ್ಮ ಮನ್ಯಾಗ ಇದಕ್ಕ ಧೂಳ ಒರಸವ್ರೂ ಇಲ್ಲ.”

ಟೆಂಪೋದಲ್ಲಿ ವಾದ್ಯಕ್ಕೆ ರಜಾಯಿ ಹೊದಿಸಿ, ಅಜ್ಜ ಮೊಮ್ಮಗಳು ಅದರ ಎರಡು ಪಕ್ಕದಲ್ಲಿ ಕೂತರು.

“ಅಜ್ಜ, ಆ ಹಳೇ ಬಣ್ಣ ವಾಪಸ್ ಬರೋದೇ ಇಲ್ವಾ?”

“ಹೋದದ್ದು ಹೋಯಿತು. ನೀನು ದಿನಾ ನುಡಿಸು. ನಿನ್ನ ಕೈಯ ಬೆವರು, ಬಿಸಿಲು, ಮಳೆಗಾಲದ ಗಾಳಿ ಸೇರಿ ಮೂವತ್ತು ವರ್ಷದಲ್ಲಿ ಇದಕ್ಕೆ ಅದರದ್ದೇ ಒಂದು ಬಣ್ಣ ಬರ್ತದೆ.”

“ಆಗ ನಿನಗೆ ತೊಂಬತ್ತಾರು!”

“ಹೌದಾ? ಹಾಗಾದರೆ ನನಗೆ ಕುರ್ಚಿ ಮುಂದಿನ ಸಾಲಿನಲ್ಲೇ ಹಾಕಿಸು,” ಎಂದು ಮುಂಡಪ್ಪನವರು ರಜಾಯಿಯ ಅಂಚನ್ನು ಇನ್ನಷ್ಟು ಒಳಕ್ಕೆ ಸಿಕ್ಕಿಸಿದರು.